ಷರಾ

ಬೆಳಿಗ್ಗೆ ಆರಕ್ಕೇ ಹೊರಟೆವು, ನಾನೂ ಫರ್ಕರನೂ.
ಸ್ಕಾಟ್ಲೆಂಡಿನ ಜನವರಿ, ಕಾರ್ನ್ ಡೋರನ್ ಬೆಟ್ಟ, ಈಶಾನ್ಯದ ಇಳಿಜಾರು.
ನಮ್ಮ ಕೆಲಸ ಇಷ್ಟೇ: ಹಿಮದಲ್ಲಿ ಗುಂಡಿ ತೋಡುವುದು,
ಗೋಡೆಯ ಪದರ ಓದುವುದು,
ಇಳಿದು ಬಂದು, ನಾಳೆ ಏನು ಕುಸಿದೀತು ಎಂದು ಬರೆಯುವುದು.

ತಳದಲ್ಲಿ ಸೋಮವಾರದ ಮಳೆ, ಹೆಪ್ಪುಗಟ್ಟಿ ಗಾಜಾಗಿದೆ.
ಅದರ ಮೇಲೆ ಬುಧವಾರದ ತಿಳಿರಾತ್ರಿ ಬೆಳೆದ ಹರಳು,
ಸಕ್ಕರೆಯಂತೆ ಉದುರು, ಒಂದಕ್ಕೊಂದು ಅಂಟದು.
ಅದರ ಮೇಲೆ ಗಾಳಿ ಹೊತ್ತು ತಂದು ಪೇರಿಸಿದ್ದು ಮೊಣಕಾಲುದ್ದ,
ನೋಡಲು ಗಟ್ಟಿಮುಟ್ಟು.
ಸಲಿಕೆ ಇಟ್ಟು ಮಣಿಕಟ್ಟಿನಿಂದ ಹತ್ತು ಸಲ ತಟ್ಟಿದೆ, ತಾಳಿತು.
ಮೊಣಕೈಯಿಂದ ಒಂದು—
ಡ್ರಾಯರು ಎಳೆದ ಹಾಗೆ ನುಣ್ಣಗೆ ಜಾರಿ
ನನ್ನ ಮಡಿಲಿಗೇ ಬಂತು.
ಫರ್ಕರ್ ಪೆನ್ಸಿಲಿನಲ್ಲಿ ಬರೆದುಕೊಂಡ.
ಶಾಯಿ ಇಲ್ಲಿ ಓಡುವುದಿಲ್ಲ.

ಆಮೇಲೆ ನೆತ್ತಿಯ ಬಯಲು ದಾಟಬೇಕಿತ್ತು. ಮೋಡ ಇಳಿಯಿತು.
ಕಾಲಡಿಯದೂ ಮಂಜು, ಕಣ್ಣೆದುರಿನದೂ ಮಂಜು;
ಎರಡಕ್ಕೂ ಒಂದೇ ಹೆಸರಿದ್ದರೆ ತಪ್ಪಿಲ್ಲ, ಅಂಥ ಹೊತ್ತು.
ನಿಂತಲ್ಲೇ ನಿಂತಿದ್ದರೂ ಜಾರುತ್ತಿದ್ದೇನೆ ಅನಿಸಿ
ದಪ್ಪನೆ ಕೂತೆ.
ಗಾಳಿ ಬೆನ್ನಿಗೆ. ನನ್ನನ್ನು ಎಲ್ಲಿಗೋ ಬೇಗ ಮುಟ್ಟಿಸುವ ಅವಸರ ಅದಕ್ಕೆ.
ದಿಕ್ಸೂಚಿ ಫರ್ಕರನ ಕೈಲಿ, ಹೆಜ್ಜೆಯ ಲೆಕ್ಕ ನನ್ನದು:
ನೂರು ಮೀಟರಿಗೆ ಎಡಗಾಲು ಅರವತ್ತೆಂಟು ಸಲ.

ಮುಂದೆಲ್ಲೋ ಅಂಚು. ಅಂಚಿನಾಚೆಗೆ ಗಾಳಿ ಕಟ್ಟಿದ ಸೂರು,
ಕೆಳಗೆ ಕಂಬವಿಲ್ಲ, ಗೋಡೆಯಿಲ್ಲ, ಮನೆಯೇ ಇಲ್ಲ.
ಮೇಲೆ ನಿಂತವರಿಗೆ ಅದೂ ನೆಲ.

ಉಂಡೆ ಕಟ್ಟಿ ಮುಂದಕ್ಕೆಸೆಯುವುದು ಹಳೆಯ ಉಪಾಯ.
ಬಿದ್ದದ್ದು ಕಂಡರೆ ನೆಲವುಂಟು, ಅಲ್ಲಿವರೆಗೆ ನಡೆ.
ಎಸೆದೆ, ಕಂಡಿತು, ನಡೆದೆ.
ಎಸೆದೆ, ಕಂಡಿತು.
ಎಸೆದೆ.

ಬಿಳಿಯೊಳಗೆ ಒಂದು ಚೂರು ಬೂದು ಹಾರಿದ್ದು ಕಂಡೆ,
ಇಳಿದದ್ದು ಕಾಣಲಿಲ್ಲ.
ಇನ್ನೊಂದು ಕಟ್ಟಿದೆ, ನಿಧಾನಕ್ಕೆ,
ಗವಸಿನೊಳಗಿನ ಬೆರಳು ಬೇರೆ ಯಾರದೋ.
ಅದೂ ಹೋಯಿತು.
ಫರ್ಕರ್ ನನ್ನ ಬೆನ್ನಚೀಲದ ಪಟ್ಟಿ ಹಿಡಿದ, ಮಾತಾಡಲಿಲ್ಲ.
ಬಂದ ಗುರುತಿನಲ್ಲೇ ಹಿಂದಕ್ಕೆ ಕಾಲಿಟ್ಟೆವು;
ಅಷ್ಟರಲ್ಲೇ ಅರ್ಧ ಗುರುತು ಅಳಿದಿತ್ತು.

ಒಂದು ಅರವತ್ತೆಂಟನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.
ಆಗ ನನ್ನ ತಲೆಯಲ್ಲಿದ್ದದ್ದು, ಹೇಳಿಬಿಡುತ್ತೇನೆ,
ಬಾಯ್ಲರ್ ರಿಪೇರಿಯ ಬಿಲ್ಲು.

ಕೆಳಗೆ ಕಾರು ನಿಲ್ಲಿಸುವಲ್ಲಿ ಚೊಕ್ಕ ಬಿಸಿಲು.
ಡಂಡೀ ಊರಿನ ಹುಡುಗ ಲಾಕ್ಲನ್, ಜೊತೆಗೆ ತಂಗಿ.
ಅವನ ಹಿಮಗೊಡಲಿಗೆ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿದೆ.
‘ಮೇಲೆ ಹೇಗಿದೆ?’ ಎಂದ.
ನಾಲ್ಕಕ್ಕೆ ಕತ್ತಲೆ, ಟಾರ್ಚು ಇದೆಯೇ ಎಂದರೆ ಫೋನು ತೋರಿಸಿದ.
ಹೇಳಬೇಕಾದ್ದೆಲ್ಲ ಹೇಳಿದೆ:
ಈಶಾನ್ಯದ ಮಗ್ಗುಲು ಬೇಡ, ಅಂಚು ಬೇಡ,
ಹಿಂದಿರುಗುವುದಕ್ಕೆ ನಾಚಿಕೆ ಬೇಡ.
ವರ್ಷಗಟ್ಟಲೆ ಹೇಳಿ ಹೇಳಿ ಸವೆದ ಮಾತು,
ಅವನು ತಲೆಯಾಡಿಸುತ್ತಾ ಬೂಟಿನ ದಾರ ಬಿಗಿದ.
ತಂಗಿ ನನ್ನ ಮಾತು ಕೇಳುತ್ತಲೇ ಇರಲಿಲ್ಲ.
ನನ್ನ ಕೈಲಿದ್ದ ಚಹಾದ ಮುಚ್ಚಳ ನೋಡುತ್ತಿದ್ದಳು,
ಅದು ತುಳುಕುತ್ತಿತ್ತು.
‘ಕಾಡಿನ ದಾರಿಗೆ ಹೋಗೋಣ ಕಣೋ’ ಎಂದಳು ಅಣ್ಣನಿಗೆ.

ಸಂಜೆ ವರದಿ.
ಅಪಾಯ: ಗಣನೀಯ. ಗಾಳಿ: ನೈಋತ್ಯ, ಬಿರುಸು.
ಗೋಚರತೆ: ಹತ್ತು ಮೀಟರಿಗಿಂತ ಕಡಿಮೆ.
ಷರಾ ಎಂಬಲ್ಲಿ ಕರ್ಸರು ಮಿಟುಕಿತು, ಕಾಯಿತು.
‘ಉಂಡೆ ಬೀಳಲಿಲ್ಲ’ ಎಂದು ಬರೆದೆ. ಅಳಿಸಿದೆ.
‘ಇರಲಿ ಬಿಡು’ ಎಂದ ಫರ್ಕರ್, ಸಾಕ್ಸು ಹಿಂಡುತ್ತಾ.
ಆದರೂ, ಸೂರು ಬೆಳೆದಿವೆ, ಅಂಚಿನಿಂದ ದೂರವಿರಿ
ಎಂದಷ್ಟೇ ಹಾಕಿ ಕಳಿಸಿದೆ.

ಮನೆಗೆ ಹೋಗಿ ಬಾಯ್ಲರಿನ ಬಿಲ್ಲು ಕಟ್ಟಿದೆ,
ಅಂಕೆಗಳನ್ನು ಎರಡೆರಡು ಸಲ ಎಣಿಸಿ.