ಸತ್ತೈತಿ ಅಂತ ಹೇಳ್ರಿ

ಬನಕ್ಕ ಬಂದಾಗ ನಾ ಶಟರ್ ಅರ್ಧಾ ಎಳದಿದ್ದೆ.
ಬೆಟಗೇರಿಯಿಂದ ಗದಗ ತನಕ ನಡಕೋತನ ಬಂದಿದ್ಲು,
ಸೆರಗಿಗೆ ಇನ್ನೂ ನೂಲಿನ ಹಿಂಜು ಅಂಟಿತ್ತು.
ಫೋನ್ ತಗದು ಗಾಜಿನ ಮ್ಯಾಲಿಟ್ಟು
ಸುತ್ತ ನೋಡಿದ್ಲು, ಕದ್ದ ಮಾಲು ಮಾರೋರಂಗ.

ಏನಾಗೈತಿ ಅಂದೆ.
ಏನೂ ಆಗಿಲ್ಲ ಅಂದ್ಲು.
ಚೊಲೋ ಐತಿ, ಅದಕ್ಕ ತಂದೀನಿ.
ನಾಳೆ ನಮ್ಮ ತೋಂಟೇಶ ಬರ್ತಾನ.
ಸತ್ತೈತಿ ಅಂತ ಹೇಳ್ರಿ.

ಹದಿನಾಲ್ಕು ವರ್ಷ ಆತು ಈ ಸ್ಟೂಲಿನ ಮ್ಯಾಲೆ ಕುಂತು.
ಹೌದಿನಾಗ ಬಿದ್ದವು, ಬಸ್ಸಿನ ಗಾಲಿಗೆ ಸಿಕ್ಕವು,
ಗಂಡ ಹೆಂಡತಿ ಜಗಳದಾಗ ಅಂಗಳಕ್ಕ ಹಾರಿದವು,
ಎಲ್ಲಾ ಬಿಚ್ಚೀನಿ, ಎಲ್ಲಾ ಕೂಡಿಸೀನಿ.
ಜೀವಂತ ಇದ್ದದ್ದನ್ನ ಸತ್ತೈತಿ ಅನ್ನಾಕ ಹೇಳಿದಾಕಿ
ಈಕಿನ ಮೊದಲು.

ನಿಂತಲ್ಲೇ ಲೆಕ್ಕಾ ಒಪ್ಪಿಸಿದ್ಲು:
ರಾತ್ರಿ ಮೂರಕ್ಕ ಹೊದಿಕಿ ಒಳಗ ನೀಲಿ ಬೆಳಕು.
ಸಾಲ್ಯಾಗ ಬೆಂಚಿನ ಮ್ಯಾಲೆ ನಿದ್ದಿ. ಗಣಿತದಾಗ ಒಂಬತ್ತು.
ಕಸಗೊಂಡ್ರ ತಲಿ ಗ್ವಾಡಿಗೆ ಬಡಕೋತಾನ,
ಆಮ್ಯಾಲೆ ಕುಂತು ತಾನ ಅಳತಾನ.
"ಸೀರಿ ಅಂಚಿನ್ಯಾಗ ಒಂದೆಳಿ ತಪ್ಪಿದ್ರ
ಕತ್ತಲದಾಗೂ ನನ್ನ ಬೆರಳಿಗೆ ಗೊತ್ತಾಗತೈತಿ.
ಮಗಾ ಯಾವ ಎಳ್ಯಾಗ ತಪ್ಪಿದಾ,
ಗೊತ್ತ ಆಗಲಿಲ್ಲ ನೋಡ್ರಿ.
ಮಗ್ಗದ ಸಪ್ಪಳದಾಗ
ಅಂವಾ ಸುಮ್ಮ ಕುಂತದ್ದ ಚೊಲೋ ಅನಸತಿತ್ತು."

ಆ ಮಾತು ನನಗ ನಟ್ಟಿತು.
ಮನ್ಯಾಗ ನನ್ನ ಮಗಳು, ಮೂರು ವರ್ಷದಾಕಿ,
ಕಾರ್ಟೂನ್ ಹಚ್ಚಲಿಲ್ಲಂದ್ರ ಒಂದ ತುತ್ತು ನುಂಗೂದಿಲ್ಲ.
ಹಚ್ಚಿದ್ರ ಬಾಯಿ ತಾನ ತಗೀತೈತಿ.
ಏನ್ ತಿಂದಿ ಪುಟ್ಟಿ ಅಂದ್ರ ನನ್ನ ಮಾರಿ ನೋಡತಾಳ.
ಅನ್ನೋ, ರೊಟ್ಟಿಯೋ, ಗ್ವಾಡಿ ಸುಣ್ಣವೋ.
ಹಚ್ಚಿಕೊಟ್ಟಾಂವ ನಾನ.

ತೋಂಟೇಶ ಬಂದ. ಮೀಸಿ ಈಗ ಚಿಗಿತಿತ್ತು.
ಸತ್ತೈತಿ ಅಂದೆ. ಬೋರ್ಡ್ ಹೋಗೈತಿ.
ಅಂವಾ ಮಾತಾಡಲಿಲ್ಲ, ಗಾಜಿನ ಮ್ಯಾಲೆ ಕೈ ಇಟ್ಟು ನಿಂತ.
ಹೆಬ್ಬೆರಳು, ಅಂವಗ ಗೊತ್ತಿಲ್ಲದ,
ಮ್ಯಾಲಕ್ಕ ಸರೀತಿತ್ತು, ಮ್ಯಾಲಕ್ಕ, ಮ್ಯಾಲಕ್ಕ,
ಏನೂ ಇಲ್ಲದ ಗಾಜಿನ ಮ್ಯಾಲೆ
ಉದುರಿದ ಹಲ್ಲಿ ಬಾಲದಂಗ.

ಬನಕ್ಕ ಯಾರ್ಯಾರಿಗೆ ಹೇಳಿದ್ಲೋ,
ಅದ ವಾರದಾಗ ಇನ್ನೂ ಐದು ಮಂದಿ ತಾಯಂದಿರು ಬಂದ್ರು.
ಎಲ್ಲಾ ಕೆಳಗಿನ ಖಾನ್ಯಾಗ ಇಟ್ಟೆ.
ರಾತ್ರಿ ಚಾರ್ಜಿಗೂ ಹಾಕತಿದ್ದೆ. ಕೈ ರೂಢಿ.
ಜೀವ ಇದ್ದದ್ದನ್ನ ಉಪವಾಸ ಕೆಡವಬಾರದು.
ಖಾನಿ ಸಂದಿನ್ಯಾಗಿಂದ ಬೆಳಕು ಬರೂದು:
ಎಲ್ಲಿ ಅದಿ ಲೇ. ಬಾ ಲೇ. ಒಬ್ಬಾಂವ ಕಡಿಮಿ ಅದಾನ ಬಾ.

ಅಂವಾ ದಿನಾ ಸಂಜಿಗೆ ಬಂದ.
ಎರಡನೇ ದಿನ ಬೈದ.
ನಾಕನೇ ದಿನ ಕೈ ಮುಗದ.
ಆರನೇ ದಿನ ಗಿರ್ಮಿಟ್ ಪೊಟ್ಟಣ ಬಿಚ್ಚಿ ಅರ್ಧಾ ನನ್ನ ಕಡೆ ಸರಿಸಿದ.
ಖಾರ ಆಗೈತಿ ಕಾಕಾ ಅಂದ.
ಹೌದು, ಖಾರ ಆಗಿತ್ತು.

ಒಂಬತ್ತನೇ ದಿನ ಹೇಳಿದ:
"ನಿನ್ನೆ ಅವ್ವನ ಬಟನ್ ಫೋನಿಂದ ಹಚ್ಚಿದ್ದೆ ಕಾಕಾ.
ರಿಂಗ್ ಆತು."

ನನ್ನ ಚಿಮಟಿಗಿಯಿಂದ ಸ್ಕ್ರೂ ಜಾರಿತು,
ಸಾಸಿವಿ ಕಾಳಿಗಿಂತ ಸಣ್ಣದು.
ಇಬ್ಬರೂ ಮೊಣಕಾಲೂರಿ ಹುಡುಕಿದಿವಿ.
ಅಂವಗ ಸಿಕ್ಕಿತು.
ಅಂಗೈಯಾಗ ಮುಚ್ಚಿಕೊಂಡ, ಲಗೂನ ಕೊಡಲಿಲ್ಲ.
ಹೆಬ್ಬೆರಳು ಅದರ ಮ್ಯಾಲೆ ಅದುರತಿತ್ತು.

"ಇರ್ಲಿ.
ಇನ್ನೊಂದ ಸರ್ತಿ ಸತ್ತೈತಿ ಅಂತ ಹೇಳ್ರಿ."

ಹೇಳಿದೆ.
ಅದ ಹೊತ್ತಿಗೆ ಖಾನ್ಯಾಗ ಒಂದು ಗುಂಯ್ ಅಂತು.
ಯಾರದು ಅಂತ
ಇಬ್ಬರೂ ಬಗ್ಗಿ ನೋಡಲಿಲ್ಲ.