ಜರಡಿ

ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತಾರು ವರ್ಷ
ಮರಳಿನ ಜೊತೆ ಬದುಕಿದವಳು ಮಾಬುನ್ನಿ.
ಹರಿಹರದ ಹೊಳೆ ಮರಳು,
ಬಾಣಲೆಯಲ್ಲಿ ಕಾದು ಕಾದು ಕಪ್ಪಾದದ್ದು;
ಅಕ್ಕಿ ಬಿದ್ದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ
ಅರಳಿಸಿ ಬಿಡುವುದು.

ಸಾಹುಕಾರರ ಮಗಳ ನಿಕಾಹ್ ಹೊನ್ನಾವರದಲ್ಲಿ.
ಎರಡು ದಿನ ಒಲೆ ಆರಿತು.
ಟೆಂಪೊ ತುಂಬ ನಾವು ಹದಿನಾಲ್ಕು ಹೆಂಗಸರು,
ಘಾಟಿಯ ತಿರುವಿಗೊಂದು ವಾಂತಿ.

ರಾತ್ರಿ ಶಾಲೆಯ ಜಗಲಿಯಲ್ಲಿ ಮಲಗಿದ್ದಾಗ
ಮೊಣಕೈಯಲ್ಲಿ ತಿವಿದು ಎಬ್ಬಿಸಿದಳು:
"ಕರಿಬಸೀ, ಯಾರೇ ಅದು ಈ ಹೊತ್ತಿನಾಗೆ
ಜರಡಿ ಆಡಿಸೋರು?"
ಕಿವಿಗೊಟ್ಟೆ.
ಜರ್... ನಿಂತು, ಮತ್ತೆ ಜರ್...
"ಸಮುದ್ರ" ಅಂದೆ.
"ಅದಕ್ಕೂ ರಾತ್ರಿ ಪಾಳಿ ಐತಾ?"
ಅಂದವಳೇ ಮಗ್ಗುಲು ಬದಲಿಸಿದಳು.

ಬೆಳಿಗ್ಗೆ ಮಿರ್ಜಾನ್ ಕೋಟೆ.
ಪಾಚಿ ಹತ್ತಿದ ಕೆಂಪು ಕಲ್ಲು, ಒಳಗೆ ಆಳದ ಬಾವಿ,
ಮೆಣಸು ಮಾರಿದ ರಾಣಿಯ ಕತೆ ಹೇಳುವ ಹುಡುಗ.
ಹಡಗು, ಪೋರ್ಚುಗೀಸರು, ಇಸವಿ, ಇಸವಿ.
ಗೋಡೆ ಸವರುತ್ತ ಸುತ್ತು ಬಂದ ಮಾಬುನ್ನಿ ಕೇಳಿದ್ದು ಒಂದೇ:
"ಅಡಿಗಿ ಮನಿ ಹೊಗಿ ಎಲ್ಲಿಂದ ಹೋಗ್ತಿತ್ತು?"
ಹುಡುಗನಿಗೆ ಗೊತ್ತಿರಲಿಲ್ಲ.
ಅವಳು ಬಾವಿಗೆ ಬಗ್ಗಿ ಕೆಮ್ಮಿದಳು.
ಒಳಗಿಂದ ಯಾರೋ
ತಿರುಗಿ ಕೆಮ್ಮಿದರು.

ಸಂಜೆ ಕಾಸರಕೋಡಿನ ದಂಡೆ.
ನಾವೆಲ್ಲ ಸೀರೆ ಎತ್ತಿ ಕಟ್ಟಿ ನೀರಿಗಿಳಿದರೆ
ಇವಳು ಮಾತ್ರ ಚಪ್ಪಲಿ ಬಿಡಲೊಲ್ಲಳು.
ಮರಳಿಗೆ ಬರಿಗಾಲು ಇಡುವುದೆಂದರೇನು!
ಕೊನೆಗೆ ಹೆಬ್ಬೆರಳಿಟ್ಟಳು. ತೆಗೆದಳು. ಇಟ್ಟಳು.
"ತಣ್ಣಗೈತಿ" ಅಂದಳು,
ಇಷ್ಟು ದಿನ ಯಾರೋ ಮೋಸ ಮಾಡಿದ ಹಾಗೆ.
ಒಂದು ಹಿಡಿ ಎತ್ತಿ, ಬೆರಳಲ್ಲಿ ತಿಕ್ಕಿ, ನಾಲಿಗೆಗಿಟ್ಟು,
"ಭಾಳ ನುಣುಪು. ಭಟ್ಟಿಗೆ ನಡೆಯಲ್ಲ."

ಅಲ್ಲೇ ಒಂದು ಏಡಿ, ಕಡ್ಲೆಕಾಳಿನಷ್ಟು.
ಮರಳು ಮೆದ್ದು, ಉಂಡೆ ಕಟ್ಟಿ, ಪಕ್ಕಕ್ಕಿಟ್ಟು,
ಇನ್ನೊಂದು, ಮತ್ತೊಂದು.
ಬಿಲದ ಸುತ್ತ ಲೆಕ್ಕವಿಲ್ಲದ ಉಂಡೆ.
ಕುಕ್ಕರಗಾಲಲ್ಲಿ ಕೂತು ನೋಡಿದಳು ಮಾಬುನ್ನಿ.
ಹೊತ್ತು ಮುಳುಗಿದ್ದನ್ನು ನೋಡಲಿಲ್ಲ.
"ಇದಕ್ಕೆ ಚೀಲಕ್ಕೆಷ್ಟು ಕೊಡ್ತಾರೆ?"
ಒಂದು ಅಲೆ ಬಂದು ಎಲ್ಲ ಒರೆಸಿಕೊಂಡು ಹೋಯಿತು.
ಏಡಿ ಹೊರಬಂದು, ಕಡ್ಡಿಗಣ್ಣು ಎತ್ತಿ ನೋಡಿ,
ಮತ್ತೆ ಮೊದಲನೇ ಉಂಡೆಗೆ ಕೈ ಹಾಕಿತು.
ಬೈದಳು, ಅಲೆಗಲ್ಲ, ಏಡಿಗೆ:
"ಏಳೇ, ಸಾಕು. ಮನಿಗೆ ಹೋಗು."

ಈಗ ದಾವಣಗೆರೆ, ಬೆಳಗಿನ ಜಾವ ನಾಲ್ಕು.
ಹೊಟ್ಟಿನ ಬೆಂಕಿ, ಹೊಗೆ, ಅದೇ ಬಾಣಲೆ.
ಸೆರಗಿನ ಗಂಟು ಬಿಚ್ಚಿ
ಏನೋ ಸುರಿದಳು ಕಾದ ಮರಳಿಗೆ,
ನಡೆಯಲ್ಲ ಅಂದವಳು.
ಅಕ್ಕಿ ಚಟಪಟ ಅರಳಿತು.
ನಾನು ಜರಡಿ ಹಿಡಿದೆ.
ಜರ್... ನಿಂತು, ಮತ್ತೆ ಜರ್...
ಮಂಡಕ್ಕಿಯ ನಡುವೆ
ಮಂಡಕ್ಕಿಯಷ್ಟೇ ಬೆಳ್ಳಗೆ, ಅಷ್ಟೇ ಗಾತ್ರ,
ಒಂದು ಚಿಪ್ಪು.
ಅವಳ ಮುಖ ನೋಡಿದೆ.
ಅವಳು ಒಲೆ ನೋಡುತ್ತಿದ್ದಳು.

ತೆಗೆಯಲಿಲ್ಲ ನಾನು.
ಚೀಲದ ಬಾಯಿ ಹೊಲಿದರು,
ರಾಣೆಬೆನ್ನೂರಿನ ಲಾರಿಗೆ ಎಸೆದರು.
ಮೆಣಸಿನಕಾಯಿ ಕಚ್ಚಿ ಮಂಡಕ್ಕಿ ಮುಕ್ಕುವಾಗ
ಯಾರದೋ ಹಲ್ಲಿಗೆ
ಕಟಕ್ಕೆಂದು ಸಿಗಲಿ.