ಕಲಾಯಿ

ಸೊಹಾರ್ ಬಂದರಿನ ಹಿಂದೆ ಆರನೇ ಶೆಡ್ಡು, ರಾತ್ರಿ ಪಾಳಿ.
ಕ್ರೋಮ್ ಹಚ್ಚುವ ಕಾರ್ಖಾನೆ ತೊಳೆದು ಬಿಟ್ಟ ನೀರು
ತೊಟ್ಟಿ ತುಂಬಿದೆ.
ಮದುವೆಮನೆಯ ಜರ್ದಾ ಅನ್ನದ ಹಳದಿ,
ಆಸೆ ಹುಟ್ಟಿಸುವಂಥದ್ದು.
ಮುಟ್ಟಬಾರದು.

ಇಪ್ಪತ್ನಾಲ್ಕು ಕಬ್ಬಿಣದ ತಗಡು, ನಡುವೆ ಬೆರಳಗಲ ಸಂದು,
ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ.
ಸ್ವಿಚ್ಚು ಒತ್ತುತ್ತೇನೆ.
ಮೊದಲು ಏನೂ ಇಲ್ಲ. ಆಮೇಲೆ
ಗೋಲಿಸೋಡಾದ ಕತ್ತಿನಲ್ಲಿ ಏಳುವಂಥ ಗುಳ್ಳೆ.
ಕಬ್ಬಿಣ ಕರಗುತ್ತಿದೆ, ಸದ್ದಿಲ್ಲ.
ಕರಗಿದ್ದು ಹೋಗಿ ವಿಷದ ಕೈ ಹಿಡಿಯುತ್ತದೆ.
ಹಳದಿ ಕಂದಿ, ಪಾಚಿಹಸಿರಾಗಿ,
ಒಡೆದ ಹಾಲಿನಂತೆ ಗಟ್ಟಿ ಬೇರೆ, ತಿಳಿ ಬೇರೆ.

ಅಪ್ಪ ಸವಣೂರಿನ ಓಣಿಗಳಲ್ಲಿ ಕಲಾಯಿ ಹಾಕುತ್ತಿದ್ದ.
ತಿದಿ ಒತ್ತುವುದು ನನ್ನ ಪಾಲು.
ನವಸಾಗರದ ಹೊಗೆ ಮೂಗಿಗೇರಿ ಕಣ್ಣು ಉರಿ,
ಅವನು ತವರ ಸವರಿ ಅರಳೆಯಿಂದ ಒರೆಸಿದರೆ
ಹಂಡೆಯೊಳಗೆ ತಟ್ಟನೆ ಅವನದೇ ಮುಖ.
"ತಾಮ್ರ ಕೆಟ್ಟದ್ದಲ್ಲಲೇ," ಅಂತಿದ್ದ,
"ಹುಳಿ ತಾಗಿದ್ರ ಬಾಯಿ ಬಿಡತೈತಿ.
ಅದರ ಬಾಯಿ ಮುಚ್ಚೂದಷ್ಟ ನಮ್ಮ ಕೆಲಸ."

ಅವನು ಲೋಹದ ಮೇಲೆ ಲೋಹ ಕೂರಿಸಿದ.
ನಾನು ನೀರಿನಿಂದ ಎಬ್ಬಿಸುತ್ತೇನೆ.
ಸಂಬಳ ರಿಯಾಲಿನಲ್ಲಿ.

ಅರ್ಧ ಗಂಟೆಗೊಮ್ಮೆ ಧ್ರುವ ಬದಲಿಸಬೇಕು,
ಕೊಡುತ್ತಿದ್ದ ತಗಡು ಈಗ ತಗೊಳ್ಳುವ ತಗಡು.
ಇಲ್ಲದಿದ್ದರೆ ಮೈಗೆ ಪೊರೆ ಕಟ್ಟಿಕೊಂಡು ಹಟ ಹಿಡಿಯುತ್ತದೆ.
ಮನೆಯಲ್ಲೂ ಇಂಥದೊಂದು ಸ್ವಿಚ್ಚು ಇದ್ದಿದ್ದರೆ ಎಂದೆ ಫೋನಿನಲ್ಲಿ.
ಜೈತೂನ ನಗಲಿಲ್ಲ.

ನಸುಕಿಗೆ ಖಲ್ಫಾನ್ ಬರುತ್ತಾನೆ, ಶೀಶೆ ಬೆಳಕಿಗೆ ಹಿಡಿಯುತ್ತಾನೆ.
ಅವನಜ್ಜ ಫಲಜಿನ ನೀರು ಹಂಚುತ್ತಿದ್ದವನಂತೆ,
ಯಾವ ನಕ್ಷತ್ರ ಗುಡ್ಡ ದಾಟುವ ತನಕ
ಯಾರ ಖರ್ಜೂರದ ತೋಟಕ್ಕೆ, ಬಾಯಿಪಾಠ.
ಮೊಮ್ಮಗ ಯಂತ್ರದ ಅಂಕಿ ಓದಿ "ತಮಾಮ್" ಎನ್ನುತ್ತಾನೆ,
ಕವಾಟ ತಿರುಗಿಸುತ್ತಾನೆ.
ಬೇಲಿಯಾಚೆಯ ಗಾಫ್ ಮರಗಳಿಗೆ ನೀರು.

ವಿಷ ಎಲ್ಲಿಗೆ ಹೋಯ್ತಬ್ಬಾ, ಎಂದು ಕೇಳಿದ್ದಳು ಮಗಳು.
ಎಲ್ಲಿಗೂ ಹೋಗಿಲ್ಲವ್ವಾ.
ಹಿಂಡಿ, ಒಣಗಿಸಿ, ಕಂದು ರೊಟ್ಟಿ ಮಾಡಿ
ಚೀಲಕ್ಕೆ ತುಂಬಿ, ನಂಬರು ಬರೆದಿದ್ದೇನೆ.
ಮೊದಲು ಅದು ಊರೆಲ್ಲ ತಿರುಗುತ್ತಿತ್ತು,
ಈಗ ಅದಕ್ಕೊಂದು ವಿಳಾಸ ಇದೆ. ಅಷ್ಟೇ.
ಅವಳಿಗೆ ಸಮಾಧಾನವಾಗಲಿಲ್ಲ.
ನನಗೂ.

ತಗಡು ಬಿಚ್ಚಿ ತೂಗಿದೆ:
ಹೋದ ತಿಂಗಳಿಗಿಂತ ನಾಲ್ಕು ಕಿಲೋ ಕಡಿಮೆ,
ಅಂಚು ಇಲಿ ಕಡಿದ ರೊಟ್ಟಿಯಂತೆ.
ಹೊಸದಕ್ಕೆ ಅರ್ಜಿ ಬರೆಯಬೇಕು.
ಮೊದಲು ಚಹಾ.